ಮುಚ್ಚದೇ ಉಳಿದ ಒಂದು ಕೊಳವೆ ಮತ್ತು ಸೋದರಮಾವನ ಮದುವೆ

ತುಂಬಾ ದಿನ ಆಯ್ತು ಇಲ್ಲಿ ಏನನ್ನೂ ಬರೆದು. ಇಬ್ಬರು ಮೂವರು ಗೆಳೆಯರು "ಏನ್ರೀ, ಬ್ಲಾಗಿಗೆ ಬೀಗ ಜಡಿದ್ರಾ?" ಅಂತ ಕೇಳಿದರು. ಬೀಗ ಜಡಿದಿಲ್ಲ, ಓದುತ್ತಾ ಕೂತಿದ್ದೆ. ಅದೂ ಏನು ಅಂತೀರಿ? ಜೀವಶಾಸ್ತ್ರ! ಎಸ್ಸೆಸ್ಸೆಲ್ಸಿ ಆದ ಮೇಲೆ ಆ ಪುಸ್ತಕ ಮುಟ್ಟಿದವನಲ್ಲ ನಾನು. ಗಂಗಾವತಿಯಲ್ಲಿ ಪಿಯುಸಿ ಸೇರುವಾಗ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡು, ಕಪ್ಪೆ ಕೊಯ್ಯೋ ಕೆಲಸ ತಪ್ಪಿತು ಅಂತ ಖುಷಿಪಟ್ಟವನು. ಆಮೇಲೆ ಬಿ.ಇ., ಆಮೇಲೆ ಬೆಂಗಳೂರು, ಆಮೇಲೆ ಕೋಡು, ಬಗ್ಗು, ರಿಲೀಸು... ಇಷ್ಟೇ ಜೀವನ. ಹೃದಯ ಅಂದರೆ ನನಗೆ ಹತ್ತನೇ ಕ್ಲಾಸಿನಲ್ಲಿ ಕೆಂಪು ಮತ್ತು ನೀಲಿ ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಚಿತ್ರ ಮಾತ್ರ.

ಈಗ ಮತ್ತೆ ಆ ಚಿತ್ರದ ಮುಂದೆ ಕೂರುವ ಹಾಗಾಗಿದ್ದು ನಮ್ಮ ಅಕ್ಕನ ಕೂಸಿನಿಂದ.

ಅಕ್ಕನನ್ನು ಕುಷ್ಟಗಿಗೆ ಕೊಟ್ಟಿದೆ. ಕೊಟ್ಟಿದೆ ಅನ್ನೋದಕ್ಕಿಂತ ಮನೆಯೊಳಗೇ ಇಟ್ಟುಕೊಂಡಿದೆ ಅನ್ನಬೇಕು. ಯಾಕಂದರೆ ಆಕೆ ಮದುವೆಯಾಗಿದ್ದು ಅವ್ವನ ಕೊನೆಯ ತಮ್ಮನನ್ನು, ಅಂದರೆ ನಮ್ಮ ಸೋದರಮಾವನನ್ನು. ಕಳೆದ ವರ್ಷ ಹೆಣ್ಣು ಕೂಸು ಹುಟ್ಟಿತು. ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ತೆಗೆದು, ಮತ್ತೆ ಇಟ್ಟರಂತೆ. ಕೊಪ್ಪಳಕ್ಕೆ ಹೋಗಿ ಎಕೋ ಮಾಡಿಸಿ ಅಂದರಂತೆ. ಅವತ್ತು ರಾತ್ರಿ ಅವ್ವನ ಫೋನು: "ಕೂಸಿನ ಹೃದಯದಾಗ ತೂತು ಐತಂತಪಾ..."

ಅವ್ವನ ಕೈಯಿಂದ ಫೋನು ಇಸಕೊಂಡು ಅಜ್ಜಿ ಒಂದೇ ಮಾತು ಕೇಳಿದಳು. "ಸಂಬಂಧದಾಗ ಮಾಡಿದ್ದಕ್ಕ ಹಿಂಗಾತೇನೋ ತಮ್ಮಾ? ನಾನ ಹಟ ಹಿಡದು ಮಾಡ್ಸಿದೆ ನೋಡು."

ಈ ಅಜ್ಜಿ ಅವ್ವನ ಅವ್ವ. ಆದ್ದರಿಂದ ಅಕ್ಕನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಕೂಸಿಗೆ ಅಪ್ಪನ ಕಡೆಯಿಂದ ಅಜ್ಜಿ, ಅವ್ವನ ಕಡೆಯಿಂದ ಮುತ್ತಜ್ಜಿ. ನಾನು "ಹಂಗೇನಿಲ್ಲ ಬಿಡಬೇ" ಅಂದುಬಿಟ್ಟೆ. ಆದರೆ ಅದು ಸಮಾಧಾನಕ್ಕೆ ಹೇಳಿದ ಮಾತು, ತಿಳಿದು ಹೇಳಿದ್ದಲ್ಲ. ಅವತ್ತಿನಿಂದ ಓದೋಕೆ ಶುರು ಮಾಡಿದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಬೇಕಂದರೆ ಎರಡು ಕಥೆ ಗೊತ್ತಿರಬೇಕು. ಒಂದು, ಹುಟ್ಟೋಕೆ ಮೊದಲು ಕೂಸಿನ ಮೈಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅನ್ನೋದನ್ನ ಮನುಷ್ಯ ಕಂಡುಕೊಂಡ ಕಥೆ. ಇನ್ನೊಂದು, ರಕ್ತಸಂಬಂಧದಲ್ಲಿ ಮದುವೆಯಾದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದ ಕಥೆ. ಎರಡನೇ ಕಥೆಯಲ್ಲಿ ನಮ್ಮ ಕರ್ನಾಟಕವೇ ದೊಡ್ಡ ಪಾತ್ರ ಅನ್ನೋದು ನನಗೂ ಗೊತ್ತಿರಲಿಲ್ಲ.

*

ಮೊದಲು ತೂತಿನ ವಿಷಯ. ಬೆಂಗಳೂರಿನ ಡಾಕ್ಟರು ಎಕೋ ನೋಡಿ "ಇದು ತೂತಲ್ಲ, ಕೊಳವೆ. ಹುಟ್ಟಿದ ಮೇಲೆ ಮುಚ್ಚಬೇಕಿತ್ತು, ಮುಚ್ಚಿಲ್ಲ" ಅಂದರು. ಆ ಕೊಳವೆಯ ಹೆಸರು ಡಕ್ಟಸ್ ಆರ್ಟೀರಿಯೋಸಸ್. ಹುಟ್ಟೋವರೆಗೂ ನಿಮ್ಮಲ್ಲೂ ಇತ್ತು, ನನ್ನಲ್ಲೂ ಇತ್ತು.

ಹೊಟ್ಟೆಯೊಳಗಿನ ಕೂಸು ಉಸಿರಾಡೋದಿಲ್ಲ. ಅದರ ಶ್ವಾಸಕೋಶದ ತುಂಬ ನೀರಿರುತ್ತದೆ. ಬೇಕಾದ ಆಮ್ಲಜನಕವೆಲ್ಲ ತಾಯಿಯ ಮಾಸಿನಿಂದ ಹೊಕ್ಕುಳ ಬಳ್ಳಿಯ ಮೂಲಕ ಬರುತ್ತದೆ. ಆ ಬಳ್ಳಿಯೊಳಗೆ ಮೂರು ನಾಳ. ಒಂದರಲ್ಲಿ ಒಳ್ಳೆಯ ರಕ್ತ ಕೂಸಿನ ಕಡೆಗೆ ಬರುತ್ತದೆ, ಉಳಿದೆರಡರಲ್ಲಿ ಬಳಸಿದ ರಕ್ತ ಮಾಸಿಗೆ ವಾಪಸ್ಸು ಹೋಗುತ್ತದೆ. ಕೆಲಸವೇ ಮಾಡದ ಶ್ವಾಸಕೋಶಕ್ಕೆ ಅಷ್ಟೊಂದು ರಕ್ತ ಕಳಿಸಿ ಏನು ಉಪಯೋಗ? ಹಾಗಾಗಿ ಹೃದಯದ ಹತ್ತಿರ ಎರಡು ಅಡ್ಡದಾರಿ ಇರುತ್ತವೆ. ಒಂದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ಕಿಂಡಿ, ಫೊರಾಮೆನ್ ಓವೇಲ್. ಬಲಗಡೆ ಬಂದ ಒಳ್ಳೆಯ ರಕ್ತ ಇದರಲ್ಲಿ ನುಸುಳಿ ಎಡಕ್ಕೆ ಹೋಗಿ ತಲೆಯ ಕಡೆ ಹೊರಡುತ್ತದೆ. ಎರಡನೆಯದೇ ನಮ್ಮ ಕೊಳವೆ. ಶ್ವಾಸಕೋಶಕ್ಕೆ ಹೊರಟ ರಕ್ತನಾಳವನ್ನು ನೇರವಾಗಿ ಮಹಾಪಧಮನಿಗೆ ಜೋಡಿಸುತ್ತದೆ.

ಗಂಗಾವತಿ ಕಡೆಯವರಿಗೆ ಇದನ್ನ ಸುಲಭವಾಗಿ ಹೇಳಬಹುದು. ಎಡದಂಡೆ ಕಾಲುವೆಯ ನೀರು ಬರುತ್ತಿದೆ, ಮುಂದಿನ ಗದ್ದೆ ಇನ್ನೂ ನಾಟಿಗೆ ತಯಾರಾಗಿಲ್ಲ ಅಂದುಕೊಳ್ಳಿ. ಅಡ್ಡಗಾಲುವೆ ತೋಡಿ ನೀರನ್ನು ಬೇರೆ ಕಡೆ ತಿರುಗಿಸುತ್ತೀರಿ. ಗದ್ದೆ ತಯಾರಾದ ದಿನ ಅಡ್ಡಗಾಲುವೆ ಮುಚ್ಚುತ್ತೀರಿ. ಕೂಸಿನ ಗದ್ದೆ ತಯಾರಾಗೋದು ಮೊದಲ ಅಳುವಿನ ಕ್ಷಣದಲ್ಲಿ. ಗಾಳಿ ಒಳಗೆ ಹೋಗುತ್ತದೆ, ಶ್ವಾಸಕೋಶ ಅರಳುತ್ತದೆ, ಅದರ ನಾಳಗಳು ಸಡಿಲಾಗಿ ರಕ್ತ ಅತ್ತ ನುಗ್ಗುತ್ತದೆ. ಅಲ್ಲಿಂದ ವಾಪಸ್ಸು ಬಂದ ರಕ್ತ ಎಡಗಡೆ ಒತ್ತಡ ಹೆಚ್ಚಿಸಿ ಕಿಂಡಿಯ ಪರದೆಯನ್ನು ಗೋಡೆಗೆ ಒತ್ತಿಬಿಡುತ್ತದೆ. ಹೆಚ್ಚಿದ ಆಮ್ಲಜನಕ ತಾಗಿ ಕೊಳವೆಯ ಸ್ನಾಯು ಬಿಗಿಯುತ್ತದೆ. ಒಂದೆರಡು ಮೂರು ದಿನದಲ್ಲಿ ಕೊಳವೆಯಲ್ಲಿ ಹರಿವು ನಿಲ್ಲುತ್ತದೆ, ಎರಡು ಮೂರು ವಾರದಲ್ಲಿ ಅದು ಬರೀ ಒಂದು ನಾರಿನ ಎಳೆಯಾಗಿ ಉಳಿಯುತ್ತದೆ. ಒಂಬತ್ತು ತಿಂಗಳು ಓಡಿದ ಸಿಸ್ಟಮ್ಮನ್ನು ನಿಲ್ಲಿಸದೇ ಇಡೀ ವೈರಿಂಗ್ ಬದಲಾಯಿಸೋದು! ಒಂದು ಸರ್ವರ್ ಬದಲಾಯಿಸೋಕೆ ನಾವು ರಾತ್ರಿಯೆಲ್ಲ ನಾಲ್ಕು ಜನ ಕೂರುತ್ತೇವೆ :-)

ನಮ್ಮ ಕೂಸಿನಲ್ಲಿ ಈ ಅಡ್ಡಗಾಲುವೆ ಮುಚ್ಚಲಿಲ್ಲ. ಈಗ ನೀರು ಉಲ್ಟಾ ಹರಿಯುತ್ತದೆ. ಮಹಾಪಧಮನಿಯ ರಕ್ತ ಶ್ವಾಸಕೋಶಕ್ಕೆ ನುಗ್ಗಿ ಅಲ್ಲಿ ಒತ್ತಡ, ಹೃದಯಕ್ಕೆ ದುಪ್ಪಟ್ಟು ಕೆಲಸ. ಕೂಸು ಹಾಲು ಕುಡಿಯುವಾಗ ಬೆವರುತ್ತಿತ್ತು, ತೂಕ ಏರುತ್ತಿರಲಿಲ್ಲ. ಡಾಕ್ಟರು ಕೇಳಿಸಿಕೊಂಡ ಸದ್ದನ್ನು 1900ರಲ್ಲೇ ಎಡಿನ್‌ಬರೋದ ಗಿಬ್ಸನ್ ಎಂಬ ವೈದ್ಯ ವಿವರಿಸಿದ್ದ. ಯಂತ್ರ ತಿರುಗಿದ ಹಾಗೆ ನಿಲ್ಲದೇ ಕೇಳುವ ಸದ್ದು. ನಾನೂ ಕೇಳಿದೆ. ನಮ್ಮೂರ ಹಿಟ್ಟಿನ ಗಿರಣಿ ದೂರದಿಂದ ಕೇಳಿಸಿದ ಹಾಗಿತ್ತು.

*

ಇದು ಮನುಷ್ಯನಿಗೆ ತಿಳಿದದ್ದು ಹೇಗೆ? ನಮ್ಮ ಸುಶ್ರುತ ಸಂಹಿತೆಯಲ್ಲೇ ಒಂದು ಸೊಗಸಾದ ಜಗಳವಿದೆ. ಹೊಟ್ಟೆಯಲ್ಲಿ ಕೂಸಿನ ಯಾವ ಅಂಗ ಮೊದಲು ಮೂಡುತ್ತದೆ? ಶೌನಕ ತಲೆ ಅಂತಾನೆ, ಕೃತವೀರ್ಯ ಹೃದಯ ಅಂತಾನೆ, ಪಾರಾಶರ್ಯ ಹೊಕ್ಕುಳು ಅಂತಾನೆ, ಮಾರ್ಕಂಡೇಯ ಕೈಕಾಲು ಅಂತಾನೆ. ಕೊನೆಗೆ ಧನ್ವಂತರಿ, ಎಲ್ಲವೂ ಒಟ್ಟಿಗೇ ಮೂಡುತ್ತವೆ, ಸಣ್ಣದಾಗಿರೋದರಿಂದ ಕಾಣೋದಿಲ್ಲ ಅಂತ ತೀರ್ಪು ಕೊಡುತ್ತಾನೆ. ಕೂಸಿನ ನಾಭಿನಾಡಿ ತಾಯಿಯ ರಸ ಹರಿಯುವ ನಾಡಿಗೆ ಕೂಡಿಕೊಂಡು ಅದರಿಂದಲೇ ಬೆಳೆಯುತ್ತದೆ ಅನ್ನೋದೂ ಅಲ್ಲಿದೆ. ರಕ್ತ ಸುತ್ತು ಹಾಕುತ್ತದೆ ಅನ್ನೋದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಅತ್ತ ಎರಡನೇ ಶತಮಾನದ ಗ್ಯಾಲೆನ್ ಪ್ರಾಣಿಗಳನ್ನು ಕೊಯ್ದು ನೋಡಿ, ಹುಟ್ಟದ ಮರಿಯ ಹೃದಯದಲ್ಲಿ ಒಂದು ಕಿಂಡಿ ಇದೆ, ಹೃದಯದ ಹೊರಗೆ ಒಂದು ಜೋಡಣೆ ಇದೆ, ಹುಟ್ಟಿದ ಮೇಲೆ ಎರಡೂ ಮುಚ್ಚಿಹೋಗುತ್ತವೆ ಅಂತ ಬರೆದ. ಕಂಡದ್ದು ಸರಿ, ಕಾರಣ ಸರಿಯಿರಲಿಲ್ಲ. ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಈ ವಿಷಯ ಹೆಚ್ಚುಕಮ್ಮಿ ಅಲ್ಲೇ ನಿಂತಿತು. 1564ರಲ್ಲಿ ಇಟಲಿಯ ಅರಾಂಜಿ ಹೊಟ್ಟೆಯೊಳಗಿನ ಕೂಸಿನ ಬಗ್ಗೆಯೇ ಪುಸ್ತಕ ಬರೆದು, ತಾಯಿಯ ರಕ್ತನಾಳ ಮತ್ತು ಕೂಸಿನ ರಕ್ತನಾಳ ನೇರವಾಗಿ ಕೂಡಿಲ್ಲ ಅಂದ. ಅದೇ ಸುಮಾರಿಗೆ ಬೊಟಾಲ್ಲೋ ಎಂಬುವನು ಕಿಂಡಿಯ ಬಗ್ಗೆ ಬರೆದ. ತಮಾಷೆ ಏನಂದರೆ, ಮುಂದೆ ಬಂದವರು ಗೊಂದಲ ಮಾಡಿಕೊಂಡು ಕೊಳವೆಗೆ ಬೊಟಾಲ್ಲೋನ ಹೆಸರಿಟ್ಟರು. ಕೆಲಸ ಮಾಡಿದವನೊಬ್ಬ, ಹೆಸರು ಇನ್ನೊಬ್ಬನದು. ನಮ್ಮ ಕಂಪನಿಗಳಲ್ಲಿ ಮಾತ್ರ ಹೀಗಾಗುತ್ತದೆ ಅಂದುಕೊಂಡಿದ್ದೆ!

1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತು ಹಾಕುತ್ತದೆ ಅಂತ ತೋರಿಸಿದ. ಅದೇ ಪುಸ್ತಕದಲ್ಲಿ ಈ ಅಡ್ಡದಾರಿಗಳ ಲೆಕ್ಕವೂ ಸಿಕ್ಕಿತು. ಶ್ವಾಸಕೋಶ ಕೆಲಸ ಮಾಡದಿದ್ದಾಗ ರಕ್ತ ಅದನ್ನು ಬಳಸಿಕೊಂಡು ಹೋಗುವ ದಾರಿ ಇವು ಅಂದ. 18ನೇ ಶತಮಾನದಲ್ಲಿ ಹಂಟರ್ ಸಹೋದರರು ಮಾಸಿನ ನಾಳಗಳಿಗೆ ಬಣ್ಣದ ಮೇಣ ತುಂಬಿ, ತಾಯಿ ಮತ್ತು ಕೂಸಿನ ರಕ್ತದ ಸುತ್ತು ಬೇರೆ ಬೇರೆ ಅಂತ ಖಚಿತ ಮಾಡಿದರು. ಬದುಕಿರುವ ಜೀವದಲ್ಲಿ ಇದನ್ನು ಕಣ್ಣಾರೆ ನೋಡಲು 1930ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಆಕ್ಸ್‌ಫರ್ಡಿನಲ್ಲಿ ಬಾರ್ಕ್ರಾಫ್ಟ್ ಮತ್ತು ಜೊತೆಗಾರರು ಕುರಿಯ ಮರಿಗಳಲ್ಲಿ ಎಕ್ಸ್‌ರೇ ಸಿನಿಮಾ ತೆಗೆದು ರಕ್ತದ ದಾರಿ ಹಿಡಿದರು. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಕಾಯುವವರ ಮುಂದೆ ಇದನ್ನು ಹೇಳಿದರೆ ನಗಬಹುದು. ಆದರೆ ಇವತ್ತು ಡಾಕ್ಟರು ಹಾಳೆಯ ಮೇಲೆ ಬಿಡಿಸಿ ತೋರಿಸುವ ಚಿತ್ರ ಬಹಳಮಟ್ಟಿಗೆ ಕುರಿಮರಿಗಳ ಋಣ.

ಮುಚ್ಚದ ಕೊಳವೆಯನ್ನು ಮುಚ್ಚಿದ ಕಥೆಯೂ ಅದೇ ಕಾಲದ್ದು. 1938ರ ಆಗಸ್ಟ್ 26ರಂದು ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಎಂಬ ಹರೆಯದ ಸರ್ಜನ್ ಏಳು ವರ್ಷದ ಹುಡುಗಿಯ ಎದೆ ತೆರೆದು ಆ ಕೊಳವೆಗೆ ದಾರ ಕಟ್ಟಿದ. ಅದೂ ತನ್ನ ಮುಖ್ಯಸ್ಥರು ರಜೆಯ ಮೇಲೆ ಊರಲ್ಲಿ ಇಲ್ಲದಾಗ! ಹುಡುಗಿ ಉಳಿದಳು. 1967ರಲ್ಲಿ ಜರ್ಮನಿಯ ಪೋರ್ಸ್ಟ್‌ಮನ್ ಎದೆ ತೆರೆಯದೇ ತೊಡೆಯ ನಾಳದಿಂದ ತೂರಿಸಿ ಮುಚ್ಚುವ ದಾರಿ ತೋರಿಸಿದ. 1976ರಲ್ಲಿ ಅವಧಿಗೆ ಮೊದಲು ಹುಟ್ಟಿದ ಕೂಸುಗಳಿಗೆ ಔಷಧಿಯಿಂದಲೇ ಮುಚ್ಚಬಹುದು ಅಂತ ತಿಳಿಯಿತು. ನಮ್ಮ ಕೂಸು ದಿನ ತುಂಬಿ ಹುಟ್ಟಿದ್ದರಿಂದ ಆ ಔಷಧಿ ನಡೆಯುವುದಿಲ್ಲ ಅಂದರು. ತೊಡೆಯ ನಾಳದಿಂದ ಒಂದು ಪುಟ್ಟ ಬಿರಡೆ ಕೂರಿಸಿದರು. ಮಕ್ಕಳಿಗಾಗಿ ಇರುವ ಸರಕಾರಿ ಯೋಜನೆಯಲ್ಲೇ ಆಯಿತು. ನಾಲ್ಕನೇ ದಿನ ಕುಷ್ಟಗಿ ಬಸ್ಸು ಹತ್ತಿಸಿದೆ. ಈಗ ಗುಂಡುಗುಂಡಗೆ ಆಗಿದ್ದಾಳೆ, ಮನೆ ತುಂಬ ಅಂಬೆಗಾಲು.

*

ಕೂಸು ಹುಷಾರಾಯಿತು. ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು.

ನಮ್ಮ ಮಾತಿನಲ್ಲೇ ನೋಡಿ. ಅವ್ವನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಈ ಪದ್ಧತಿ ಎಷ್ಟು ಹಳೆಯದು ಅಂದರೆ ಭಾಷೆಯೊಳಗೇ ಕೂತುಬಿಟ್ಟಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಬೌಧಾಯನ ಧರ್ಮಸೂತ್ರ, ದಕ್ಷಿಣದವರಿಗೆ ಮಾತ್ರ ಇರುವ ಆಚಾರಗಳ ಪಟ್ಟಿಯಲ್ಲಿ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗೋದನ್ನು ಸೇರಿಸಿದೆ. ಚರಕ ಸಂಹಿತೆಯಲ್ಲಿ ಗರ್ಭದ ವಿಷಯ ಹೇಳುವ ಒಂದು ಅಧ್ಯಾಯದ ಹೆಸರೇ ಅತುಲ್ಯಗೋತ್ರೀಯ, ಅಂದರೆ ಒಂದೇ ಗೋತ್ರದವರಲ್ಲದವರದ್ದು. ಬೀಜದ ಯಾವ ಭಾಗ ಕೆಟ್ಟಿದೆಯೋ ಅದರಿಂದ ಆಗಬೇಕಾದ ಅಂಗ ಕೆಡುತ್ತದೆ ಅನ್ನುವ ಮಾತೂ ಚರಕದಲ್ಲಿದೆ. ಆದರೆ ಗೋತ್ರದ ಲೆಕ್ಕ ಅಪ್ಪನ ಕಡೆಯದ್ದು ಮಾತ್ರ. ಸೋದರಮಾವ ಯಾವಾಗಲೂ ಬೇರೆ ಗೋತ್ರವೇ! ಹಾಗಾಗಿ ಆ ಜರಡಿಯಲ್ಲಿ ಆತ ಸಿಗೋದೇ ಇಲ್ಲ.

ನಮ್ಮ ಕೊಪ್ಪಳಕ್ಕೂ ಇದಕ್ಕೂ ಒಂದು ನಂಟಿದೆ. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ನಾಡಿನ ಊರುಗಳಲ್ಲಿ ಕೊಪಣವೂ ಒಂದು ಅಂತ ನಾವು ಎದೆ ಉಬ್ಬಿಸಿ ಹೇಳ್ತೀವಲ್ಲ, ಅದು ಒಂಬತ್ತನೇ ಶತಮಾನದ ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದು. ಆತನ ಮಗ ಎರಡನೇ ಕೃಷ್ಣ ಚೇದಿಯ ರಾಜ ಕೊಕ್ಕಲ್ಲನ ಮಗಳನ್ನು ಮದುವೆಯಾದ. ಕೃಷ್ಣನ ಮಗ ಜಗತ್ತುಂಗ ಮದುವೆಯಾದದ್ದು ಕೊಕ್ಕಲ್ಲನ ಮಗನ ಮಗಳು ಲಕ್ಷ್ಮಿಯನ್ನು, ಅಂದರೆ ತನ್ನ ಸೋದರಮಾವನ ಮಗಳನ್ನು. ಅವರ ಮಗನೇ ಮುಂದೆ ರಾಜನಾದ ಮೂರನೇ ಇಂದ್ರ. ಅರಮನೆಯಲ್ಲಿ ರಾಜ್ಯದ ಸ್ನೇಹಕ್ಕೆ ಮಾಡಿದ್ದನ್ನು ನಮ್ಮ ಮನೆಗಳಲ್ಲಿ ಎರಡೆಕರೆ ಎರೆಹೊಲ ಒಡೆಯಬಾರದು ಅಂತಲೋ, ಹುಡುಗಿ ಗುರುತಿಲ್ಲದ ಮನೆಗೆ ಹೋಗಬಾರದು ಅಂತಲೋ ಮಾಡುತ್ತೇವೆ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ಮದುವೆಗಳನ್ನು ನಿಷೇಧಿಸಿ, ರೂಢಿ ಇದ್ದವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ನಮ್ಮ ಅಕ್ಕನ ಮದುವೆ ಆ ವಿನಾಯಿತಿಯೊಳಗಿನದು.

ಇನ್ನು ವಿಜ್ಞಾನದವರು ಈ ಪ್ರಶ್ನೆಗೆ ಬಂದದ್ದು ಹೇಗೆ? ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾದ ಎಮ್ಮಾ ಆತನ ಸ್ವಂತ ಸೋದರಮಾವನ ಮಗಳು! ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಆತನಿಗೆ ಇದು ಜೀವನವಿಡೀ ಕೊರೆಯಿತು. ಇಂಗ್ಲೆಂಡಿನ 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಪ್ರಯತ್ನ ಮಾಡಿದ, ಪಾರ್ಲಿಮೆಂಟು ಒಪ್ಪಲಿಲ್ಲ. ಆತನಿಗೆ ಬೇಕಾಗಿದ್ದ ಬೀಗದ ಕೈ ಆಗಲೇ ಅಚ್ಚಾಗಿತ್ತು. 1866ರಲ್ಲಿ ಮೆಂಡಲ್ ತನ್ನ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದ್ದ. ಆದರೆ 1900ರವರೆಗೆ ಅದನ್ನು ಯಾರೂ ಗಮನಿಸಲಿಲ್ಲ. 1902ರಲ್ಲಿ ಲಂಡನ್ನಿನ ವೈದ್ಯ ಗ್ಯಾರಡ್, ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯ ಮಕ್ಕಳಲ್ಲಿ ಹಲವರ ತಂದೆತಾಯಿ ಹತ್ತಿರದ ಸಂಬಂಧಿಕರು ಅಂತ ತೋರಿಸಿದ. ಮನುಷ್ಯನ ಕಾಯಿಲೆಗೆ ಮೆಂಡಲ್ ಲೆಕ್ಕ ಹೊಂದಿದ್ದು ಅಲ್ಲೇ ಮೊದಲು.

ಲೆಕ್ಕ ಕಷ್ಟವೇನಿಲ್ಲ. ಪ್ರತಿ ಜೀನಿನದೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಂದು ಫೈಲು ಕೆಟ್ಟಿದ್ದರೂ ಎಷ್ಟೋ ಸಲ ಇನ್ನೊಂದು ಬ್ಯಾಕಪ್ಪಿನಿಂದ ಕೆಲಸ ನಡೆಯುತ್ತದೆ. ಹೀಗೆ ಕೆಟ್ಟ ಫೈಲು ಒಂದೆರಡಾದರೂ ಎಲ್ಲರಲ್ಲೂ ಇವೆ, ನಿಮ್ಮಲ್ಲೂ ಇವೆ. ದೂರದ ಇಬ್ಬರು ಮದುವೆಯಾದರೆ ಇಬ್ಬರಲ್ಲೂ ಒಂದೇ ಫೈಲು ಕೆಟ್ಟಿರೋದು ಅಪರೂಪ. ಆದರೆ ಗಂಡ ಹೆಂಡತಿ ಇಬ್ಬರೂ ಒಬ್ಬಳೇ ಅಜ್ಜಿಯಿಂದ ಕಾಪಿ ಮಾಡಿಕೊಂಡವರಾದರೆ? ಕೂಸಿಗೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬರಬಹುದು. ಒಂದೇ ಮೂಲದ ಎರಡು ಪ್ರತಿ ಕೂಡುವ ಸಂಭವ ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮಾಡಿಕೊಂಡರೆ 16ರಲ್ಲಿ 1, ಸೋದರಮಾವನನ್ನೇ ಮಾಡಿಕೊಂಡರೆ 8ರಲ್ಲಿ 1. ಇನ್ನೊಂದು ವಿಚಿತ್ರ. ನಮ್ಮಲ್ಲಿ ಚಿಕ್ಕಪ್ಪನ ಮಗಳು ತಂಗಿ, ಆ ಮಾತು ಎತ್ತೋದೇ ಪಾಪ. ಮಾವನ ಮಗಳು ಮಾತ್ರ ಹುಟ್ಟಿದಾಗಲೇ ಹೆಂಡತಿ. ಜೀನುಗಳ ಈ ಲೆಕ್ಕದಲ್ಲಿ ಇಬ್ಬರೂ ಅಷ್ಟೇ ದೂರ!

ನಮ್ಮ ಮನೆಯದನ್ನು ಹಾಕಿ ನೋಡೋಣ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದೆ. ವಂಶವೃಕ್ಷ ಅಂತ ಟ್ರೀ ಮಾಡಲು ಹೋದರೆ ಅದು ಟ್ರೀ ಆಗಲೇ ಇಲ್ಲ. ಕೊಂಬೆಗಳು ಮತ್ತೆ ಮತ್ತೆ ಕೂಡಿಕೊಂಡವು. ಯಾಕಂದರೆ ಅಜ್ಜಿ ಕೂಡ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಹಾಗಾಗಿ ಅಕ್ಕನ ಕೂಸಿಗೆ ಉತ್ತರ 8ರಲ್ಲಿ 1 ಬರಲಿಲ್ಲ, 32ರಲ್ಲಿ 5 ಬಂತು. ಪ್ರತಿ ತಲೆಮಾರಿನ ಸಂಬಂಧವೂ ಹೀಗೆ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ.

*

ಕಾಗದದ ಲೆಕ್ಕ ಸರಿ, ನಿಜವಾಗಿ ಏನಾಗುತ್ತಿದೆ? 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದ ಜೆ.ಬಿ.ಎಸ್. ಹಾಲ್ಡೇನ್‌ಗೆ ದಕ್ಷಿಣ ಭಾರತದ ಈ ಮದುವೆಗಳ ಮೇಲೆ ಆಸಕ್ತಿ ಇತ್ತು. ಆತನ ಶಿಷ್ಯ ಕೃಷ್ಣ ದ್ರೋಣಂರಾಜು 1960ರ ದಶಕದಲ್ಲಿ ಆಂಧ್ರದಲ್ಲಿ ಲೆಕ್ಕ ತೆಗೆದರು. 1966ರಲ್ಲಿ ಎಲ್.ಡಿ. ಸಂಘ್ವಿ ಒಂದು ವಾದ ಮುಂದಿಟ್ಟರು. ನೂರಾರು ತಲೆಮಾರು ಹೀಗೇ ಮದುವೆಯಾಗುತ್ತಾ ಬಂದಿದ್ದರೆ ತೀರಾ ಕೆಟ್ಟ ಜೀನುಗಳು ಸತ್ತ ಮಕ್ಕಳ ಜೊತೆಗೇ ಹೋಗಿ ಕಮ್ಮಿಯಾಗಿರಬೇಕು ಅಂತ. ವೆಲ್ಲೂರಿನ ಸುಂದರ ರಾವ್ ಮತ್ತು ಇನ್ಬರಾಜ್ ತಮಿಳುನಾಡಿನಲ್ಲಿ ನೋಡಿದಾಗ ಪರಿಣಾಮ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅಜ್ಜಿಗೆ ಇಷ್ಟನ್ನೇ ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ, ರಾಧಾ ರಮಾದೇವಿ ಮತ್ತು ಹೊರದೇಶದ ಅಲನ್ ಬಿಟಲ್ಸ್ ಸೇರಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದ ಹನಿ ಪರೀಕ್ಷೆ ಮಾಡಿದರು. ಹುಟ್ಟಿನಿಂದ ಬರುವ ಅಮೈನೋ ಆಮ್ಲಗಳ ದೋಷ ಹುಡುಕೋದು ಉದ್ದೇಶ. ಜೊತೆಗೆ ತಂದೆತಾಯಿ ಸಂಬಂಧಿಕರೇ ಅಂತಲೂ ಕೇಳಿದರು. 1980ರಿಂದ 1989ರವರೆಗಿನ 65 ಸಾವಿರಕ್ಕೂ ಹೆಚ್ಚು ಮದುವೆಗಳ ಲೆಕ್ಕ 1993ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು! ಹತ್ತು ವರ್ಷದಲ್ಲಿ ಅದು ಹೇಳಿಕೊಳ್ಳುವಷ್ಟು ಇಳಿದೂ ಇರಲಿಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ಕಾಲು ಭಾಗಕ್ಕಿಂತ ಜಾಸ್ತಿಯೇ ಇದೆ.

ಹೃದಯದ ವಿಷಯಕ್ಕೆ ಬಂದರೆ, 2006ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಸ್. ರಾಮೇಗೌಡ ಮತ್ತು ಎನ್.ಬಿ. ರಾಮಚಂದ್ರ ಪ್ರಕಟಿಸಿದ ಅಧ್ಯಯನ ನೇರವಾಗಿ ಅಜ್ಜಿಯ ಪ್ರಶ್ನೆಯನ್ನೇ ಕೇಳಿತ್ತು. ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳ ತಂದೆತಾಯಿಗಳಲ್ಲಿ ರಕ್ತಸಂಬಂಧದ ಮದುವೆ, ತೊಂದರೆ ಇಲ್ಲದ ಮಕ್ಕಳ ತಂದೆತಾಯಿಗಳಿಗಿಂತ ಜಾಸ್ತಿ ಕಂಡಿತು. ಅದಕ್ಕೂ ಮೊದಲು 2002ರಲ್ಲಿ ಇರಾನಿನಲ್ಲಿ ನಮ್ಮ ಕೂಸಿನದೇ ತೊಂದರೆ, ಅಂದರೆ ಮುಚ್ಚದ ಕೊಳವೆಯ ಮಕ್ಕಳನ್ನು ನೋಡಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿ ಸಂಬಂಧಿಕರು. ಅಲ್ಲಿನ ಸಾಮಾನ್ಯ ಪ್ರಮಾಣಕ್ಕಿಂತ ಇದು ಎರಡು ಪಟ್ಟಿಗೂ ಮೇಲು. 12ನೇ ವರ್ಣತಂತುವಿನ ಮೇಲೆ ಇದಕ್ಕೆ ಸಂಬಂಧಪಟ್ಟ ಒಂದು ಜಾಗವನ್ನೂ ಗುರುತಿಸಿದರು.

ಹಾಗಾದರೆ ಅಜ್ಜಿ ಹೇಳಿದ್ದೇ ಸರಿಯಾಯಿತಾ? ಅಷ್ಟು ಸುಲಭ ಇಲ್ಲ. ಯಾವ ಸಂಬಂಧವೂ ಇಲ್ಲದ ತಂದೆತಾಯಿಗೂ ನೂರಕ್ಕೆ ಎರಡು ಮೂರು ಕೂಸು ಏನಾದರೊಂದು ಹುಟ್ಟುದೋಷದೊಂದಿಗೆ ಹುಟ್ಟುತ್ತವೆ. ಮಾವನ ಮಗಳು ಅತ್ತೆಯ ಮಗಳಂಥ ಮದುವೆಗಳಲ್ಲಿ ಅದರ ಮೇಲೆ 1.7ರಿಂದ 2.8 ಸೇರುತ್ತದೆ ಅಂತ 2002ರಲ್ಲಿ ಅಮೆರಿಕದ ತಳಿ ಸಲಹೆಗಾರರು ಒಟ್ಟುಗೂಡಿಸಿದ ಲೆಕ್ಕ. ಸೋದರಮಾವನ ಮದುವೆ ಅದಕ್ಕಿಂತ ಹತ್ತಿರದ್ದು, ಅಪಾಯವೂ ಹೆಚ್ಚು. ಅಂದರೆ ಅಪಾಯ ಹೆಚ್ಚುಕಮ್ಮಿ ದುಪ್ಪಟ್ಟೋ ಸ್ವಲ್ಪ ಜಾಸ್ತಿಯೋ ಆಗುತ್ತದೆ. ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕೂಸು ಸರಿಯಾಗಿಯೇ ಹುಟ್ಟುತ್ತವೆ. ನಮ್ಮ ಕೂಸಿನ ಕೊಳವೆ ಸಂಬಂಧ ಇಲ್ಲದೆಯೂ ಮುಚ್ಚದೇ ಉಳಿಯಬಹುದಿತ್ತು. ಸಾವಿರಾರು ಮದುವೆಗಳನ್ನು ಒಟ್ಟಿಗೆ ಇಟ್ಟಾಗ ಕಾಣುವ ಲೆಕ್ಕವನ್ನು ಒಂದು ಕೂಸಿನ ಹಣೆಗೆ ಅಂಟಿಸೋಕೆ ಬರೋದಿಲ್ಲ. ಆದರೆ ಮುಂದಿನ ಮದುವೆ ನಿಶ್ಚಯ ಮಾಡುವಾಗ ಅದೇ ಲೆಕ್ಕವನ್ನು ನೋಡಿಲ್ಲ ಅನ್ನೋಕೂ ಬರೋದಿಲ್ಲ.

*

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯ ಮುಂದೆ ಹಾಳೆ ಹರಡಿ ಕೂತು ಇದನ್ನೆಲ್ಲ ಹೇಳಿದೆ. ಕೊಳವೆ, ಕುರಿಮರಿ, ಎರಡು ಪ್ರತಿ, ಎಲ್ಲ. ಆಕೆ ಸುಮ್ಮನೆ ಕೇಳಿದಳು. ಆಮೇಲೆ ಅಂದಳು, "ನನಗ ಎಂಟು ಹುಟ್ಟಿದ್ವು. ಮೂರು ಹ್ವಾದ್ವು. ಒಂದಕ್ಕ ಜ್ವರಾ ಬಂದಿತ್ತು. ಉಳದೆರಡು ಮಲಿ ಕುಡೀಲಾರದ ಹ್ವಾದ್ವು. ಯಾಕ ಅಂತ ಯಾರೂ ಹೇಳ್ಳಿಲ್ಲ. ನಾವೂ ಕೇಳಲಿಲ್ಲ."

ನನಗೆ ಗಂಟಲು ಕಟ್ಟಿತು. ನಾನು ಬರೆದುಕೊಂಡ ವಂಶವೃಕ್ಷದಲ್ಲಿ ಆ ಮೂರು ಇರಲೇ ಇಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬೋ ಮೊದಲೇ ಸಾಯುತ್ತಿದ್ದವು. ಭೇದಿ, ಧನುರ್ವಾಯು, ನ್ಯುಮೋನಿಯಾ... ಅಷ್ಟು ಸಾವಿನ ನಡುವೆ ಒಂದು ಮುಚ್ಚದ ಕೊಳವೆಯನ್ನೋ ಒಂದು ಕೆಟ್ಟ ಜೀನನ್ನೋ ಯಾರು ಹುಡುಕುತ್ತಿದ್ದರು? 2020ರ ಹೊತ್ತಿಗೆ ಅದು 28ಕ್ಕೆ ಇಳಿದಿದೆ. ಆ ಸಾವುಗಳು ಕಮ್ಮಿಯಾದ ಮೇಲೆಯೇ ಹುಟ್ಟಿನಿಂದ ಬಂದ ತೊಂದರೆಗಳು ಬೇರೆಯಾಗಿ ಕಾಣತೊಡಗಿದ್ದು. "ನಮ್ಮ ಹಿರಿಯರೂ ಸಂಬಂಧದಾಗ ಆಗಿದ್ರು, ಏನೂ ಆಗಿಲ್ಲ" ಅಂತ ಈಗಲೂ ಅನ್ನುತ್ತೇವಲ್ಲ, ಏನೂ ಆಗಿಲ್ಲ ಅಂತಲ್ಲ, ಆದದ್ದನ್ನು ಎಣಿಸಿಲ್ಲ ಅಂತ. ಹಾಗಂತ ಅಜ್ಜಿಯ ಆ ಎರಡು ಕೂಸು ಇದರಿಂದಲೇ ಹೋದವು ಅಂತಲೂ ಹೇಳಲಾರೆ. ಅಜ್ಜಿಗೆ ಹೇಳಿದ್ದು ಇಷ್ಟೇ. "ನೀ ಏನೂ ತಪ್ಪು ಮಾಡಿಲ್ಲಬೇ. ಆಗ ಯಾರಿಗೂ ಗೊತ್ತಿರ್ಲಿಲ್ಲ. ಈಗ ಗೊತ್ತೈತಿ."

ಅಜ್ಜಿಗೆ ಹೇಳಿದ್ದನ್ನು ನಾನೂ ಪಾಲಿಸಬೇಕಾದ ಸಂದರ್ಭ ಒಂದಿತ್ತು. ಯಲಬುರ್ಗಾದಲ್ಲಿರುವ ಅವ್ವನ ಅಣ್ಣ, ಅಂದರೆ ನಮ್ಮ ದೊಡ್ಡ ಮಾವನ ಮಗಳನ್ನು ನನಗೆ ಅಂತ ಚಿಕ್ಕಂದಿನಿಂದಲೇ ಆಡಿಕೊಂಡಿದ್ದರು. ಪ್ರೋಗ್ರಾಮಿನಲ್ಲಿ ನಮ್ಮಿಬ್ಬರನ್ನೂ ಹಾಕಿ ನೋಡಿದೆ. 64ರಲ್ಲಿ 5. ಬೇಡ ಅಂದೆ. ಮಾವ ಎರಡು ತಿಂಗಳು ಮಾತಾಡಲಿಲ್ಲ. ಮಾವನ ಮಗಳಿಗೆ ಅಳುಕುತ್ತಲೇ ಫೋನು ಮಾಡಿದರೆ, "ನನಗೂ ಎಂಎಸ್ಸಿ ಮಾಡೋದೈತಿ, ಛಲೋ ಆತು ಬಿಡು" ಅಂದಳು :-)

ಅಕ್ಕ ಮತ್ತು ಮಾವ ಎರಡನೇ ಕೂಸಿನ ಯೋಚನೆ ಮಾಡುವ ಮೊದಲು ತಳಿ ಸಲಹೆಗಾರರನ್ನು ನೋಡುತ್ತೇವೆ ಅಂದಿದ್ದಾರೆ. ಅಲ್ಲಿ ಮೊದಲು ಕೇಳೋದೇ ಮೂರು ತಲೆಮಾರಿನ ವಂಶವೃಕ್ಷ. ಗೆಳೆಯರೆ, ನೀವೂ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ನಿಮ್ಮ ಮನೆಯದನ್ನು ಒಮ್ಮೆ ಬರೆದುಕೊಳ್ಳಿ. ಉಳಿಯದೇ ಹೋದ ಕೂಸುಗಳನ್ನೂ ಮರೆಯದೇ ಕೇಳಿ. ನಮ್ಮ ಹಾಳೆಯಲ್ಲಿ ಈಗ ಆ ಮೂರೂ ಸೇರಿವೆ. ಎರಡಕ್ಕೆ ಹೆಸರಿಟ್ಟಿರಲಿಲ್ಲವಂತೆ. ಮೂರನೆಯದರ ಹೆಸರನ್ನೇ ಅಕ್ಕನ ಕೂಸಿಗೆ ಕೂಗಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.